ಸರ್ವರ್‌ನ ಡಿ ಡ್ರೈವನ್ನು ಪೂರ್ತಿಯಾಗಿ ಆಂಟಿವೈರಸ್‌ನಿಂದ ಬಿಡಬಹುದಾ? ಬದಿಯಡ್ಕದಿಂದ ಒಂದು ಪ್ರಶ್ನೆ

ಹಾಳೆಟೋಪಿ
ಎಲ್ಲರಿಗೂ ನಮಸ್ಕಾರ. ಬದಿಯಡ್ಕದ ಹತ್ತಿರ ಒಂದು ಸಹಕಾರಿ ಸಂಘದ ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತಿದ್ದೇನೆ. ಗೊಬ್ಬರ, ದಿನಸಿ ಮಾರಾಟ ಇದೆ, ಅಡಿಕೆ ಖರೀದಿಯೂ ಇದೆ. ಸರ್ವರ್ ಇರುವುದು ಒಂದೇ. ವಿಂಡೋಸ್ ಸರ್ವರ್ 2019, 16 ಜಿಬಿ ರ‍್ಯಾಮ್. ಸಿ ಡ್ರೈವ್‌ನಲ್ಲಿ ವಿಂಡೋಸ್. ಡಿ ಡ್ರೈವ್‌ನಲ್ಲಿ ಬಿಲ್ಲಿಂಗ್‌ನ ಎಸ್‌ಕ್ಯೂಎಲ್ ಡೇಟಾಬೇಸ್, ಅದರ ಬ್ಯಾಕಪ್, ಮತ್ತೆ ಎಲ್ಲರೂ ಬಳಸುವ 'ಕಚೇರಿ' ಎಂಬ ಶೇರ್ ಫೋಲ್ಡರ್. ಕೌಂಟರ್‌ಗಳಲ್ಲಿ 5 ಕಂಪ್ಯೂಟರ್ ಇವೆ.

ತೊಂದರೆ ಏನೆಂದರೆ, ಬೆಳಗ್ಗೆ 9.30ರಿಂದ 11ರವರೆಗೆ ಬಿಲ್ ಹೊರಡುವುದೇ ಇಲ್ಲ. ಒಂದು ಬಿಲ್ಲಿಗೆ ಅರ್ಧ ನಿಮಿಷ, ಕೆಲವೊಮ್ಮೆ ಇನ್ನೂ ಜಾಸ್ತಿ. ಜೀಪಿನಿಂದ ಅಡಿಕೆ ಚೀಲ ಇಳಿಸಿ, ತೂಕ ಮಾಡಿಸಿ, ಚೀಟಿಗಾಗಿ ಸಾಲಲ್ಲಿ ನಿಂತವರ ಮುಖ ನೋಡುವುದು ಕಷ್ಟ. ಟಾಸ್ಕ್ ಮ್ಯಾನೇಜರ್ ತೆರೆದರೆ ಎಲ್ಲಕ್ಕಿಂತ ಮೇಲೆ ಆಂಟಿವೈರಸ್ ಇರುತ್ತದೆ. ಬಿಲ್ಲಿಂಗ್ ಸಾಫ್ಟ್‌ವೇರ್‌ನವರಿಗೆ ಬರೆದೆ. ಮಲಯಾಳದಲ್ಲಿ ಎರಡೇ ಸಾಲಿನ ಉತ್ತರ ಬಂತು: ಡಿ ಡ್ರೈವ್ ಪೂರ್ತಿ ಎಕ್ಸ್‌ಕ್ಲೂಡ್ ಮಾಡಿ (ಅಂದರೆ ಆಂಟಿವೈರಸ್ ಅಲ್ಲಿ ನೋಡದ ಹಾಗೆ ಬಿಟ್ಟುಬಿಡಿ), ಸರಿಯಾಗುತ್ತದೆ ಅಂತ. ಮಾಡಲು ಕೈ ಬರುತ್ತಿಲ್ಲ. ಏನು ಮಾಡಲಿ?

ಚಂದ್ರಗಿರಿ_ದಡ
ದಯವಿಟ್ಟು ಮಾಡಬೇಡಿ. ನಿಮ್ಮ 'ಕಚೇರಿ' ಫೋಲ್ಡರ್ ಅದೇ ಡ್ರೈವ್‌ನಲ್ಲಿದೆ ಅಂತ ನೀವೇ ಬರೆದಿದ್ದೀರಿ, ಅದೊಂದೇ ಕಾರಣ ಸಾಕು. ಮೊದಲು ಮೂರು ವಿಷಯ ತಿಳಿಸಿ. ಯಾವ ಆಂಟಿವೈರಸ್? ವಿಂಡೋಸ್‌ನ ಜೊತೆಗೇ ಬರುವ ಆಂಟಿವೈರಸ್ ಡಿಫೆಂಡರ್ ಕೂಡ ಓಡುತ್ತಿದೆಯಾ? ರಾತ್ರಿ ಸರ್ವರ್ ಆನ್ ಇರುತ್ತದಾ?

ಮಂಜೇಶ್ವರ_ಮಳೆ
ನನ್ನ ಅನುಭವ ಬೇರೆ. ಹೊಸಂಗಡಿ ಕಡೆ ನಾಲ್ಕು ಅಂಗಡಿಗಳ ಸರ್ವರ್ ನೋಡುತ್ತೇನೆ. ಎಲ್ಲ ಕಡೆ ಡೇಟಾ ಡ್ರೈವ್ ಬಿಟ್ಟಿದ್ದೇನೆ. ಕಾರಣ ಇದೆ. ಒಂದು ಕಡೆ ಸರ್ವರ್ ಆನ್ ಆದ ತಕ್ಷಣ ಆಂಟಿವೈರಸ್ ಡೇಟಾಬೇಸ್ ಫೈಲನ್ನು ಹಿಡಿದುಕೊಂಡಿತು. ಎಸ್‌ಕ್ಯೂಎಲ್‌ಗೆ ಆ ಫೈಲ್ ತೆರೆಯಲು ಆಗಲಿಲ್ಲ. ಡೇಟಾಬೇಸ್‌ನ ಹೆಸರಿನ ಮುಂದೆ 'ರಿಕವರಿ ಪೆಂಡಿಂಗ್' ಅಂತ ಬಂತು. ಅಂಗಡಿ ಯಜಮಾನರು ಪಕ್ಕದಲ್ಲೇ ನಿಂತಿದ್ದರು. ಒಂದು ಗಂಟೆ ಬೆವರಿದೆ. ಆಮೇಲೆ ಆ ಗೋಜೇ ಬೇಡ ಅಂತ ಡ್ರೈವನ್ನೇ ಬಿಟ್ಟೆ. ಇವತ್ತಿನವರೆಗೆ ಏನೂ ಆಗಿಲ್ಲ.

ಉಪ್ಪಳ_ಮುದ್ರಣ
ಏನೂ ಆಗಿಲ್ಲ ಅಂತ 2021ರವರೆಗೆ ನಾವೂ ಹೇಳುತ್ತಿದ್ದೆವು. ನಡೆದದ್ದನ್ನು ಬರೆಯುತ್ತೇನೆ, ಯಾರಿಗಾದರೂ ಉಪಯೋಗ ಆಗಲಿ.

ನಮ್ಮದು ಸಣ್ಣ ಮುದ್ರಣದ ಅಂಗಡಿ. ಮದುವೆ ಕಾಗದ, ಮೇಳದ ಕರಪತ್ರ, ಬ್ರಹ್ಮಕಲಶದ ಸ್ಮರಣ ಸಂಚಿಕೆ. ದೊಡ್ಡ ದೊಡ್ಡ ಫೈಲು. ತೆರೆಯಲು ತಡ ಆಗುತ್ತದೆ ಅಂತ ಡಿ ಡ್ರೈವ್ ಪೂರ್ತಿ ಬಿಟ್ಟಿದ್ದೆವು. ಲಾಕ್‌ಡೌನ್‌ನಲ್ಲಿ ಮನೆಯಿಂದ ಕೆಲಸ ಮಾಡಲು ರಿಮೋಟ್ ಡೆಸ್ಕ್‌ಟಾಪ್ ಅನ್ನು ಹೊರಗಿನ ಇಂಟರ್ನೆಟ್‌ಗೆ ನೇರ ತೆರೆದಿಟ್ಟಿದ್ದೆವು. ಪಾಸ್‌ವರ್ಡ್ ಸುಲಭದ್ದು. ಅದು ನಮ್ಮದೇ ತಪ್ಪು.

ಒಂದು ಬೆಳಗ್ಗೆ ಬಂದು ನೋಡಿದರೆ ಫೈಲುಗಳ ಚಿತ್ರವೆಲ್ಲ ಬಿಳಿ. ಹೆಸರಿನ ಕೊನೆಗೆ ಏನೋ ಅಕ್ಷರ ಸೇರಿಕೊಂಡಿವೆ. ಪ್ರತಿ ಫೋಲ್ಡರ್‌ನಲ್ಲೂ ದುಡ್ಡು ಕೇಳುವ ಒಂದೊಂದು ಟೆಕ್ಸ್ಟ್ ಫೈಲ್. ಆಮೇಲೆ ಆಂಟಿವೈರಸ್‌ನ ಲಾಗ್ ತೆರೆದು ನೋಡಿದೆವು. ರಾತ್ರಿ 2 ಗಂಟೆ ಕಳೆದ ಮೇಲೆ ಸಿ ಡ್ರೈವ್‌ನ ಟೆಂಪ್ ಫೋಲ್ಡರ್‌ನಲ್ಲಿ ಒಂದು ಪ್ರೋಗ್ರಾಂ ಸಿಕ್ಕಿದೆ, ಅಳಿಸಿದೆ. ಐದು ನಿಮಿಷ ಬಿಟ್ಟು ಡೌನ್‌ಲೋಡ್ಸ್‌ನಲ್ಲಿ ಸಿಕ್ಕಿದೆ, ಅಳಿಸಿದೆ. ಮೂರನೆಯ ಸಲಕ್ಕೆ ಲಾಗ್‌ನಲ್ಲಿ ಸಾಲೇ ಇಲ್ಲ. ಬಂದವನು ಅದನ್ನು ಡಿ ಡ್ರೈವ್‌ನ ನಮ್ಮ ಡಿಸೈನ್ ಫೋಲ್ಡರ್‌ಗೆ ಹಾಕಿ ಅಲ್ಲಿಂದ ಓಡಿಸಿದ್ದ.

ಆಂಟಿವೈರಸ್ ತನ್ನ ಕೆಲಸ ಮಾಡಿತ್ತು. ಎಲ್ಲಿ ನೋಡಬೇಡ ಅಂತ ನಾವು ಹೇಳಿದ್ದೆವೋ ಅಲ್ಲಿ ಅದು ನೋಡಲಿಲ್ಲ. ಆರು ವರ್ಷದ ಕೆಲಸ ಹೋಯಿತು.

ಮಂಜೇಶ್ವರ_ಮಳೆ
ಓದಿ ಬೇಜಾರಾಯಿತು. ಬಿಟ್ಟ ಡ್ರೈವ್‌ನಲ್ಲಿರುವ ಪ್ರೋಗ್ರಾಂ ಓಡಿದರೆ ಅದು ಬೇರೆ ಡ್ರೈವ್‌ಗಳನ್ನೂ ಹಾಳು ಮಾಡುತ್ತದೆ ಅನ್ನುವುದು ನನಗೆ ಹೊಳೆದಿರಲಿಲ್ಲ. ಡೇಟಾ ಡ್ರೈವ್ ಅಂದರೆ ಬರೀ ಡೇಟಾ ಅಂತಲೇ ಯೋಚಿಸಿದ್ದೆ.

ಚಂದ್ರಗಿರಿ_ದಡ
ಹೆಚ್ಚಿನವರು ಎಡವುವುದು ಅಲ್ಲೇ. ನಾನು ಈ ಕೆಲಸಕ್ಕೆ ಕೂತಾಗ ಪ್ರತಿ ಫೋಲ್ಡರ್‌ಗೂ ಒಂದೇ ಪ್ರಶ್ನೆ ಕೇಳುತ್ತೇನೆ: ಇಲ್ಲಿ ಬರೆಯುವವರು ಯಾರು? ಡೇಟಾಬೇಸ್ ಎಂಜಿನ್ ಮಾತ್ರ ಬರೆಯುತ್ತದೆ ಅಂತಾದರೆ ಬಿಡಬಹುದು. ಮನುಷ್ಯರು ಬರೆಯುತ್ತಾರೆ, ಪೆನ್‌ಡ್ರೈವ್‌ನಿಂದ ತಂದು ಹಾಕುತ್ತಾರೆ, ಮೇಲ್‌ನಿಂದ ಇಳಿಸಿ ಇಡುತ್ತಾರೆ ಅಂತಾದರೆ ಬಿಡಬಾರದು, ಎಷ್ಟೇ ನಿಧಾನ ಆಗಲಿ. ಡ್ರೈವ್‌ನ ಅಕ್ಷರ ನೋಡಿ ತೀರ್ಮಾನ ಮಾಡಿದರೆ ಈ ಎರಡೂ ಕಲಸಿಹೋಗುತ್ತವೆ.

ಈಗ ಎಸ್‌ಕ್ಯೂಎಲ್ ವಿಷಯ. ಮಂಜೇಶ್ವರದವರು ಹೇಳಿದ ತೊಂದರೆ ನಿಜವಾದದ್ದೇ. ಅದಕ್ಕಾಗಿಯೇ ಮೈಕ್ರೋಸಾಫ್ಟ್ ತಾನೇ ಕೆಲವನ್ನು ಬಿಡಲು ಹೇಳುತ್ತದೆ. ಡೇಟಾ ಫೈಲುಗಳು ಎಂಡಿಎಫ್ ಮತ್ತು ಎನ್‌ಡಿಎಫ್, ಲಾಗ್ ಫೈಲು ಎಲ್‌ಡಿಎಫ್, ಬ್ಯಾಕಪ್‌ನ ಬಿಎಕೆ ಮತ್ತು ಟಿಆರ್‌ಎನ್. ಆದರೆ ಬಿಡುವ ರೀತಿಯಲ್ಲಿ ವ್ಯತ್ಯಾಸ ಇದೆ. ಸುಮ್ನೆ 'ಎಂಡಿಎಫ್' ಅಂತ ಎಕ್ಸ್‌ಟೆನ್ಶನ್ ಮಾತ್ರ ಕೊಟ್ಟರೆ ಅದು ಇಡೀ ಸರ್ವರ್‌ಗೆ ಅನ್ವಯಿಸುತ್ತದೆ. ಡೆಸ್ಕ್‌ಟಾಪ್‌ನಲ್ಲಿ ಯಾರೋ ಆ ಹೆಸರಿನಲ್ಲಿ ಏನು ತಂದಿಟ್ಟರೂ ಅದಕ್ಕೂ ರಿಯಾಯಿತಿ. ಹೆಸರಿನ ಬಾಲ ಬದಲಿಸಿದರೂ ಪ್ರೋಗ್ರಾಂ ಪ್ರೋಗ್ರಾಮೇ, ಅದನ್ನು ಓಡಿಸುವ ದಾರಿ ಇದ್ದೇ ಇದೆ. ಆದ್ದರಿಂದ ಪೂರ್ತಿ ದಾರಿ ಕೊಡಿ. ಡಿ ಡ್ರೈವ್, ಅದರೊಳಗೆ ಎಸ್‌ಕ್ಯೂಎಲ್‌ಡೇಟಾ ಫೋಲ್ಡರ್, ಅದರೊಳಗೆ ಎಂಡಿಎಫ್‌ನಿಂದ ಮುಗಿಯುವ ಫೈಲುಗಳು, ಅಷ್ಟೇ.

ಇನ್ನೊಂದು ದಾರಿ, ಪ್ರೋಸೆಸ್ ಬಿಡುವುದು. ಎಸ್‌ಕ್ಯೂಎಲ್‌ಸರ್ವರ್ ಪ್ರೋಗ್ರಾಂ ತೆರೆಯುವ ಫೈಲುಗಳನ್ನು ಆ ಹೊತ್ತಿಗೆ ನೋಡಬೇಡ ಅಂತ ಹೇಳುವುದು. ಡಿಫೆಂಡರ್‌ನಲ್ಲಿ ಇದು ರಿಯಲ್‌ಟೈಮ್ ಸ್ಕ್ಯಾನ್‌ಗೆ (ಫೈಲ್ ತೆರೆಯುವಾಗಲೇ ನೋಡುವುದಕ್ಕೆ) ಮಾತ್ರ. ನೀವು ಇಟ್ಟ ಸಮಯಕ್ಕೆ ನಡೆಯುವ ಸ್ಕ್ಯಾನ್ ಆ ಫೈಲುಗಳನ್ನು ನೋಡುತ್ತದೆ. ಇಲ್ಲಿಯೂ ಬರೀ ಹೆಸರು ಕೊಡಬೇಡಿ, ಪ್ರೋಗ್ರಾಂ ಇರುವ ಪೂರ್ತಿ ದಾರಿ ಕೊಡಿ. ಬರೀ ಹೆಸರು ಕೊಟ್ಟರೆ ಅದೇ ಹೆಸರಿಟ್ಟುಕೊಂಡ ಕಳ್ಳನಿಗೂ ಬಾಗಿಲು ತೆರೆಯುತ್ತದೆ.

ಟೆಂಪ್‌ಡಿಬಿ (ಎಸ್‌ಕ್ಯೂಎಲ್ ತನ್ನ ತಾತ್ಕಾಲಿಕ ಕೆಲಸಕ್ಕೆ ಬಳಸುವ ಡೇಟಾಬೇಸ್) ಎಲ್ಲಿದೆ ನೋಡಿದ್ದೀರಾ? ಡೇಟಾಬೇಸನ್ನು ಡಿಗೆ ಸಾಗಿಸಿದವರು ಟೆಂಪ್‌ಡಿಬಿಯನ್ನು ಸಿಯಲ್ಲೇ ಮರೆತಿರುವುದನ್ನು ತುಂಬಾ ಕಡೆ ನೋಡಿದ್ದೇನೆ. ಹಾಗಿದ್ದರೆ ಡಿ ಡ್ರೈವ್ ಪೂರ್ತಿ ಬಿಟ್ಟರೂ ನಿಧಾನ ಹೋಗುವುದಿಲ್ಲ.

ಬಿಟ್ಟ ಫೋಲ್ಡರ್‌ಗೆ ಅನುಮತಿಯನ್ನೂ ಬಿಗಿ ಮಾಡಿ. ಎಸ್‌ಕ್ಯೂಎಲ್ ಸೇವೆಯ ಖಾತೆ ಮತ್ತು ಅಡ್ಮಿನ್, ಇಬ್ಬರಿಗೆ ಮಾತ್ರ ಬರೆಯುವ ಹಕ್ಕು. ಆಂಟಿವೈರಸ್ ಕಣ್ಣು ಮುಚ್ಚಿದ ಜಾಗದಲ್ಲಿ ವಿಂಡೋಸ್ ಆದರೂ ಬಾಗಿಲು ಹಾಕಿರಬೇಕು ಅಲ್ವಾ.

ಹಾಳೆಟೋಪಿ
ಉತ್ತರ ತಡವಾಯಿತು, ಕ್ಷಮಿಸಿ. ಕರೆಂಟ್ ಇರಲಿಲ್ಲ. ಕೇಳಿದ ಮೂರಕ್ಕೂ ಉತ್ತರ ಇಲ್ಲಿದೆ.

ದುಡ್ಡು ಕೊಟ್ಟು ಕೊಂಡ ಬೇರೆ ಕಂಪನಿಯ ಆಂಟಿವೈರಸ್ ಇದೆ. ಡಿಫೆಂಡರ್ ತಾನಾಗಿ ಆಫ್ ಆಗಿದೆ ಅಂತ ಅಂದುಕೊಂಡಿದ್ದೆ. ಈಗ ಪವರ್‌ಶೆಲ್‌ನಲ್ಲಿ ಗೆಟ್-ಎಂಪಿಕಂಪ್ಯೂಟರ್‌ಸ್ಟೇಟಸ್ ಕೊಟ್ಟು ನೋಡಿದೆ. ರಿಯಲ್‌ಟೈಮ್ ಪ್ರೊಟೆಕ್ಷನ್ ಮುಂದೆ 'ಟ್ರೂ' ಅಂತ ಇದೆ! ಎರಡೂ ಓಡುತ್ತಿವೆ.

ರಾತ್ರಿ ಸರ್ವರ್ ಆಫ್. ತುಲಾ ತಿಂಗಳ ಸಿಡಿಲಿಗೆ ಎರಡು ವರ್ಷದ ಹಿಂದೆ ಸ್ವಿಚ್ಚು, ರೌಟರು, ಒಂದು ಯುಪಿಎಸ್ ಸುಟ್ಟು ಹೋಗಿದ್ದವು. ಅಂದಿನಿಂದ ಸಂಜೆ 5.30ಕ್ಕೆ ಪ್ಲಗ್ ಕಿತ್ತೇ ಮನೆಗೆ ಹೋಗುವುದು. ಬೆಳಗ್ಗೆ 9.15ಕ್ಕೆ ಮತ್ತೆ ಹಾಕುತ್ತೇವೆ.

ಚಂದ್ರಗಿರಿ_ದಡ
ಸಿಕ್ಕಿತು ನೋಡಿ. ನಿಮ್ಮ ನಿಧಾನಕ್ಕೆ ಡಿ ಡ್ರೈವ್ ಕಾರಣವೇ ಅಲ್ಲ ಅಂತ ನನಗೆ ಅನಿಸುತ್ತಿದೆ.

ಮನೆಯ ವಿಂಡೋಸ್ 10ರಲ್ಲಿ ಬೇರೆ ಆಂಟಿವೈರಸ್ ಹಾಕಿದರೆ ಡಿಫೆಂಡರ್ ತಾನೇ ಬದಿಗೆ ಸರಿಯುತ್ತದೆ. ಸರ್ವರ್ 2016, 2019ರಲ್ಲಿ ಹಾಗೆ ಸರಿಯುವುದಿಲ್ಲ. ನಾವೇ ಆಫ್ ಮಾಡಬೇಕು, ಇಲ್ಲವೇ ಸರ್ವರ್ ಮ್ಯಾನೇಜರ್‌ನ ರೋಲ್ಸ್ ಮತ್ತು ಫೀಚರ್ಸ್‌ನಿಂದ ತೆಗೆಯಬೇಕು. ಈಗ ಒಂದೊಂದು ಫೈಲನ್ನೂ ಇಬ್ಬರು ಕಾವಲುಗಾರರು ತಡೆದು ಹುಡುಕುತ್ತಿದ್ದಾರೆ. ಒಬ್ಬನು ಹುಡುಕಲು ತೆರೆದದ್ದನ್ನು ಇನ್ನೊಬ್ಬನೂ ನೋಡುತ್ತಾನೆ. ಒಂದನ್ನು ಇಟ್ಟುಕೊಳ್ಳಿ. ಯಾವುದನ್ನು ಅನ್ನುವುದು ನಿಮ್ಮ ಇಷ್ಟ. ಆದರೆ ಇಟ್ಟುಕೊಂಡದ್ದು ಸರಿಯಾಗಿ ಅಪ್‌ಡೇಟ್ ಆಗುತ್ತಿದೆ ಅಂತ ಖಚಿತ ಮಾಡಿಕೊಂಡ ಮೇಲೆಯೇ ಇನ್ನೊಂದನ್ನು ತೆಗೆಯಿರಿ.

ಎರಡನೆಯದು ಸಿಡಿಲು. ಪೂರ್ತಿ ಸ್ಕ್ಯಾನ್ ರಾತ್ರಿಗೆ ಇಟ್ಟಿರುತ್ತದೆ. ರಾತ್ರಿ ಸರ್ವರ್ ಇಲ್ಲ. ತುಂಬಾ ಆಂಟಿವೈರಸ್‌ಗಳಲ್ಲಿ 'ತಪ್ಪಿದ ಸ್ಕ್ಯಾನನ್ನು ಆನ್ ಆದ ಕೂಡಲೇ ನಡೆಸು' ಎಂಬ ಆಯ್ಕೆ ಇರುತ್ತದೆ. 9.15ಕ್ಕೆ ನೀವು ಪ್ಲಗ್ ಹಾಕುತ್ತೀರಿ, 9.30ಕ್ಕೆ ಅದು ಶುರು ಮಾಡುತ್ತದೆ, 11ಕ್ಕೆ ಮುಗಿಸುತ್ತದೆ. ನೀವು ಕೊಟ್ಟ ಸಮಯಕ್ಕೆ ಸರಿಯಾಗಿ ಹೊಂದುತ್ತದೆ. ಲಾಗ್‌ನಲ್ಲಿ ನೋಡಿ ಹೇಳಿ. ಹೌದಾದರೆ ಆ ಸ್ಕ್ಯಾನನ್ನು ಮಧ್ಯಾಹ್ನ ಊಟದ ಹೊತ್ತಿಗೆ ಹಾಕಿ, ಇಲ್ಲವೇ ವಾರಕ್ಕೊಮ್ಮೆ ಕೌಂಟರ್ ಮುಚ್ಚಿದ ಮೇಲೆ ಕೂತು ಮಾಡಿಸಿ.

ನೀರ್ಚಾಲ್_ಲಿನಕ್ಸ್
ಲಿನಕ್ಸ್ ಕಡೆಯವನು ನಾನು. ನಮ್ಮ ಜಿಲ್ಲೆಯ ಶಾಲೆಗಳಲ್ಲಿ ಮಕ್ಕಳು ಕಲಿಯುವುದೇ ಕೈಟ್ (ಕೇರಳದ ಶಾಲೆಗಳಿಗೆ ತಂತ್ರಜ್ಞಾನ ಒದಗಿಸುವ ಸರ್ಕಾರಿ ಸಂಸ್ಥೆ) ಕೊಡುವ ಉಬುಂಟು ಎಂಬ ಲಿನಕ್ಸ್‌ನಲ್ಲಿ. ಹಾಗಾಗಿ ಇಲ್ಲಿ ಸಾಂಬಾ (ಲಿನಕ್ಸ್‌ನ ಫೋಲ್ಡರನ್ನು ವಿಂಡೋಸ್‌ಗೆ ಹಂಚುವ ತಂತ್ರಾಂಶ) ಹಾಕಿ ಫೈಲ್ ಸರ್ವರ್ ಮಾಡಿದವರು ಇದ್ದಾರೆ. 'ಲಿನಕ್ಸ್‌ಗೆ ವೈರಸ್ ಬರುವುದಿಲ್ಲ' ಅಂತ ಅವರು ಸುಮ್ಮನಿರುತ್ತಾರೆ. ಸರ್ವರ್‌ಗೆ ಏನೂ ಆಗದೆ ಇರಬಹುದು. ಆದರೆ ಅದರಲ್ಲಿ ಕೂತ ಫೈಲನ್ನು ವಿಂಡೋಸ್ ಕಂಪ್ಯೂಟರ್‌ನವರು ತೆರೆಯುತ್ತಾರಲ್ಲ.

ನಾನು ಕ್ಲಾಮ್‌ಎವಿ ಎಂಬ ಆಂಟಿವೈರಸ್ ಬಳಸುತ್ತೇನೆ. ಅದರಲ್ಲಿ ವಿಂಡೋಸ್‌ನ ಉಲ್ಟಾ ಲೆಕ್ಕ. ಫೈಲ್ ತೆರೆಯುವಾಗ ನೋಡುವ ಸೌಲಭ್ಯಕ್ಕೆ ಯಾವ ಫೋಲ್ಡರ್ ಕಾಯಬೇಕು ಅಂತ ನಾವೇ ಹೇಳಬೇಕು, ಹೇಳದಿದ್ದರೆ ಕಾಯುವುದಿಲ್ಲ. ಕಾನ್ಫಿಗ್ ಫೈಲ್‌ನಲ್ಲಿ ಆನ್‌ಆ್ಯಕ್ಸೆಸ್‌ಇನ್‌ಕ್ಲೂಡ್‌ಪಾತ್ ಎಂಬ ಸಾಲು. ನಾನು ಶೇರ್ ಫೋಲ್ಡರ್‌ಗಳನ್ನು ಮಾತ್ರ ಕೊಟ್ಟಿದ್ದೇನೆ. ಇಡೀ ರೂಟ್ (ಎಲ್ಲ ಫೋಲ್ಡರ್‌ಗಳ ಬುಡ) ಕೊಟ್ಟರೆ ಸಿಸ್ಟಂ ಉಸಿರುಗಟ್ಟುತ್ತದೆ. ಜೊತೆಗೆ ಕ್ಲಾಮ್‌ಎವಿ ಓಡುವ ಯೂಸರನ್ನು ಬಿಡುವ ಸಾಲು ಕಡ್ಡಾಯವಾಗಿ ಹಾಕಬೇಕು. ಇಲ್ಲದಿದ್ದರೆ ಅದು ಸ್ಕ್ಯಾನ್‌ಗೆಂದು ತೆರೆದ ಫೈಲನ್ನೇ ಮತ್ತೆ ಸ್ಕ್ಯಾನ್ ಮಾಡಲು ಹೊರಟು ಸುತ್ತಿನಲ್ಲಿ ಸಿಕ್ಕಿಬೀಳುತ್ತದೆ.

ನನಗೆ ಬಹಳ ತಡವಾಗಿ ತಿಳಿದ ವಿಷಯ ಒಂದು. ತೆರೆಯುವಾಗ ನೋಡುವ ಫೈಲಿನ ಗಾತ್ರಕ್ಕೆ ಅದರಲ್ಲಿ ಮೂಲತಃ 5 ಎಂಬಿ ಮಿತಿ ಇದೆ. ಅದಕ್ಕಿಂತ ದೊಡ್ಡದಾದರೆ ನೋಡುವುದೇ ಇಲ್ಲ. ಎಲ್ಲ ಕಾಯುತ್ತಿದೆ ಅಂತ ನಾನು ಒಂದು ವರ್ಷ ನೆಮ್ಮದಿಯಾಗಿದ್ದೆ. ಫೋಲ್ಡರ್‌ಗಳು ಜಾಸ್ತಿ ಇದ್ದರೆ ಲಿನಕ್ಸ್ ಎಷ್ಟು ಫೋಲ್ಡರ್‌ಗಳ ಮೇಲೆ ಕಣ್ಣಿಡಬಹುದು ಅನ್ನುವ ಇನೋಟಿಫೈ ಮಿತಿಯನ್ನೂ ಏರಿಸಬೇಕಾಗುತ್ತದೆ. ನಾನು 524288ಕ್ಕೆ ಇಟ್ಟಿದ್ದೇನೆ.

ಪೆರ್ಲ_ಡಿಟಿಪಿ
ಕನ್ನಡ ಟೈಪಿಂಗ್ ಮಾಡುವವರ ಒಂದು ಗೋಳು ಇಲ್ಲಿ ಸೇರಿಸುತ್ತೇನೆ. ಹಳೆಯ ಕನ್ನಡ ಕೀಬೋರ್ಡ್ ತಂತ್ರಾಂಶ ನಾವು ಒತ್ತಿದ ಕೀಲಿಯನ್ನು ಹಿಡಿದು ಅಕ್ಷರ ಬದಲಿಸಿ ಕೊಡುತ್ತದೆ. ಪಾಸ್‌ವರ್ಡ್ ಕದಿಯುವ ಪ್ರೋಗ್ರಾಂ ಕೂಡ ಕೀಲಿಯನ್ನೇ ಹಿಡಿಯುವುದು. ಆಂಟಿವೈರಸ್‌ಗೆ ಎರಡೂ ಒಂದೇ ಥರ ಕಾಣುತ್ತದೆ. ಒಂದು ದಿನ ಅಪ್‌ಡೇಟ್ ಆದ ಮೇಲೆ ಅದು ಕೀಬೋರ್ಡ್ ತಂತ್ರಾಂಶವನ್ನು ಎತ್ತಿ ಕ್ವಾರಂಟೈನ್‌ಗೆ ಹಾಕಿತು. ಮರುದಿನ ಕೊಡಬೇಕಾದ ಆಮಂತ್ರಣ ಅರ್ಧದಲ್ಲಿ ನಿಂತಿತು. ಸಿಟ್ಟಿನಲ್ಲಿ ಪ್ರೋಗ್ರಾಂ ಫೈಲ್ಸ್ ಪೂರ್ತಿ ಬಿಟ್ಟುಬಿಟ್ಟೆ. ಈಗ ಇಲ್ಲಿ ಓದುತ್ತಾ ಹೆದರಿಕೆ ಆಗುತ್ತಿದೆ.

ಚಂದ್ರಗಿರಿ_ದಡ
ಇವತ್ತೇ ತೆಗೆಯಿರಿ. ಆ ಒಂದು ಫೈಲಿನ ಪೂರ್ತಿ ದಾರಿ ಮಾತ್ರ ಕೊಡಿ. ಫೋಲ್ಡರ್ ಬಿಟ್ಟರೆ ಒಳಗಿನ ಎಲ್ಲ ಫೋಲ್ಡರ್‌ಗಳೂ ಬಿಟ್ಟ ಹಾಗೆ. ಆ ಫೈಲು ಮೂಲ ತಯಾರಕರ ಜಾಗದಿಂದ ಇಳಿಸಿದ್ದೇ ಅಂತಲೂ ನೋಡಿಕೊಳ್ಳಿ. ಯಾರದೋ ಪೆನ್‌ಡ್ರೈವ್‌ನಿಂದ ಬಂದದ್ದಾದರೆ ಆಂಟಿವೈರಸ್ ಹೇಳಿದ್ದೇ ನಿಜ ಇರಬಹುದು.

ಮಂಜೇಶ್ವರ_ಮಳೆ
ನಿನ್ನೆ ಎರಡು ಅಂಗಡಿಗಳ ಸೆಟ್ಟಿಂಗ್ ಬದಲಿಸಿದೆ. ಎಸ್‌ಕ್ಯೂಎಲ್ ಫೋಲ್ಡರ್ ಮಾತ್ರ ಬಿಟ್ಟು ಉಳಿದ ಡ್ರೈವನ್ನು ಕಾವಲಿನೊಳಗೆ ತಂದೆ. ಪೂರ್ತಿ ಸ್ಕ್ಯಾನ್ ಕೊಟ್ಟೆ. ಒಂದು ಕಡೆ ಶೇರ್ ಫೋಲ್ಡರ್‌ನಲ್ಲಿ ಪೆನ್‌ಡ್ರೈವ್‌ನ ಶಾರ್ಟ್‌ಕಟ್ ವೈರಸ್ ಹನ್ನೊಂದು ಕಡೆ ಸಿಕ್ಕಿತು. ಫೋಲ್ಡರ್ ಅಡಗಿಸಿ ಅದೇ ಹೆಸರಿನ ಶಾರ್ಟ್‌ಕಟ್ ಇಡುತ್ತದಲ್ಲ, ಅದೇ. ಎಷ್ಟು ಕಾಲದಿಂದ ಕೂತಿತ್ತೋ.

ಎರಡು ಸಂಶಯ ಉಳಿದಿವೆ. ಪೆನ್‌ಡ್ರೈವ್ ಹಾಕಿದಾಗ ಪೂರ್ತಿ ಸ್ಕ್ಯಾನ್ ಅದನ್ನೂ ನೋಡುತ್ತದಾ? ಇನ್ನೊಂದು, ನನ್ನ ಲಾಗಿನ್‌ನಲ್ಲಿ ಝಡ್ ಡ್ರೈವ್ ಅಂತ ಮ್ಯಾಪ್ ಮಾಡಿದ ಫೋಲ್ಡರನ್ನು ಬಿಡುವ ಪಟ್ಟಿಗೆ ಸೇರಿಸಿದರೆ ಏನೂ ಬದಲಾಗುತ್ತಿಲ್ಲ.

ಚಂದ್ರಗಿರಿ_ದಡ
ಡಿಫೆಂಡರ್‌ನಲ್ಲಿ ನಾವು ಹೇಳದ ಹೊರತು ಪೂರ್ತಿ ಸ್ಕ್ಯಾನ್ ಪೆನ್‌ಡ್ರೈವ್ ಕಡೆ ಹೋಗುವುದಿಲ್ಲ. ಗ್ರೂಪ್ ಪಾಲಿಸಿಯಲ್ಲಿ 'ಸ್ಕ್ಯಾನ್ ರಿಮೂವಬಲ್ ಡ್ರೈವ್ಸ್' ಆನ್ ಮಾಡಿ. ಫೈಲ್ ತೆರೆಯುವಾಗ ರಿಯಲ್‌ಟೈಮ್ ನೋಡುತ್ತದೆ, ಅದು ಬೇರೆ. ನನ್ನನ್ನು ಕೇಳಿದರೆ ಸರ್ವರ್‌ಗೆ ಪೆನ್‌ಡ್ರೈವ್ ಹಾಕುವುದನ್ನೇ ನಿಲ್ಲಿಸಬೇಕು.

ಝಡ್ ಡ್ರೈವ್ ಇರುವುದು ನಿಮ್ಮ ಲಾಗಿನ್‌ಗೆ ಮಾತ್ರ. ಆಂಟಿವೈರಸ್ ಸೇವೆ ಓಡುವುದು ಸಿಸ್ಟಂ ಖಾತೆಯಲ್ಲಿ. ಅದರ ಲೆಕ್ಕದಲ್ಲಿ ಝಡ್ ಎಂಬ ಡ್ರೈವೇ ಇಲ್ಲ. ಎರಡು ಬ್ಯಾಕ್‌ಸ್ಲ್ಯಾಶ್‌ನಿಂದ ಶುರುವಾಗುವ ನೆಟ್‌ವರ್ಕ್ ದಾರಿ ಕೊಡಬೇಕು. ಅದೇ ಕಾರಣಕ್ಕೆ 'ಯೂಸರ್‌ಪ್ರೊಫೈಲ್' ಥರದ ಗುರುತು ಬಳಸಿದರೂ ನೀವು ಅಂದುಕೊಂಡ ಫೋಲ್ಡರ್ ಸಿಗುವುದಿಲ್ಲ.

ಸರ್ವರ್ 2016ರಿಂದ ಈಚೆಗೆ ಡಿಫೆಂಡರ್ ಕೆಲವು ರೋಲ್‌ಗಳಿಗೆ (ಸರ್ವರ್‌ಗೆ ಒಪ್ಪಿಸಿದ ಕೆಲಸಗಳಿಗೆ) ಬೇಕಾದ ಬಿಡುವಿಕೆಯನ್ನು ತಾನೇ ಮಾಡುತ್ತದೆ. ಲಾಗಿನ್‌ಗಳನ್ನು ನೋಡಿಕೊಳ್ಳುವ ಡೊಮೈನ್ ಕಂಟ್ರೋಲರ್‌ನ ಎನ್‌ಟಿಡಿಎಸ್, ಸಿಸ್‌ವಾಲ್ ಫೋಲ್ಡರ್‌ಗಳು, ವರ್ಚುವಲ್ ಕಂಪ್ಯೂಟರ್ ಓಡಿಸುವ ಹೈಪರ್-ವಿ ಹಾಗೆ. ಆದರೆ ಅವು ಮೂಲ ಜಾಗದಲ್ಲೇ ಇದ್ದರೆ ಮಾತ್ರ. ಬೇರೆ ಡ್ರೈವ್‌ಗೆ ಸಾಗಿಸಿದವರು ತಾವೇ ಸೇರಿಸಬೇಕು.

ಹಾಳೆಟೋಪಿ
ಹಾಕಿದ ಸೆಟ್ಟಿಂಗ್ ನಿಜವಾಗಿ ಕೆಲಸ ಮಾಡುತ್ತಿದೆ ಅಂತ ಪರೀಕ್ಷೆ ಮಾಡುವುದು ಹೇಗೆ? ನಿಜವಾದ ವೈರಸ್ ತಂದು ಹಾಕಲು ಆಗುವುದಿಲ್ಲವಲ್ಲ.

ಉಪ್ಪಳ_ಮುದ್ರಣ
ಐಕಾರ್ ಪರೀಕ್ಷಾ ಫೈಲ್ ಅಂತ ಇದೆ. 68 ಅಕ್ಷರಗಳ ಒಂದು ಸಾಲು. ವೈರಸ್ ಅಲ್ಲ, ಯಾರಿಗೂ ತೊಂದರೆ ಮಾಡುವುದಿಲ್ಲ. ಆದರೆ ಆಂಟಿವೈರಸ್‌ಗಳು ಅದನ್ನು ವೈರಸ್ ಅಂತಲೇ ಹಿಡಿಯುವಂತೆ ಎಲ್ಲರೂ ಒಪ್ಪಿಕೊಂಡಿದ್ದಾರೆ. ಐಕಾರ್ ಸಂಸ್ಥೆಯ ಜಾಲತಾಣದಲ್ಲೇ ಸಿಗುತ್ತದೆ. ನೋಟ್‌ಪ್ಯಾಡ್‌ನಲ್ಲಿ ಅಂಟಿಸಿ ಒಂದೊಂದು ಫೋಲ್ಡರ್‌ನಲ್ಲೂ ಸೇವ್ ಮಾಡಿ ನೋಡಿ. ಶೇರ್ ಫೋಲ್ಡರ್‌ನಲ್ಲಿ ಕೂಡಲೇ ಮಾಯವಾಗಬೇಕು. ಬಿಟ್ಟ ಫೋಲ್ಡರ್‌ನಲ್ಲಿ ಉಳಿಯುತ್ತದೆ. ಅದು ಅಲ್ಲಿ ಸುಮ್ಮನೆ ಕೂತಿರುವುದನ್ನು ಕಣ್ಣಾರೆ ನೋಡಿದಾಗ ಬಿಡುವುದು ಅಂದರೆ ಏನು ಅಂತ ಅರ್ಥವಾಗುತ್ತದೆ. ನಾನು ಈಗ ಪ್ರತಿ ತಿಂಗಳು ಮಾಡುತ್ತೇನೆ.

ಬ್ಯಾಕಪ್ ಬಗ್ಗೆಯೂ ಹೇಳಿಬಿಡುತ್ತೇನೆ. ಡೇಟಾ ಇರುವ ಡ್ರೈವ್‌ನಲ್ಲೇ ಬ್ಯಾಕಪ್ ಇದ್ದರೆ ಅದು ಬ್ಯಾಕಪ್ ಅಲ್ಲ. ನಮ್ಮದು ಹಾಗೇ ಹೋಯಿತು. ಎರಡು ಹೊರಗಿನ ಡಿಸ್ಕ್ ಇಡಿ. ಒಂದು ಯಾವಾಗಲೂ ಕಳಚಿ ಬೇರೆ ಕಡೆ ಇರಲಿ.

ನೀರ್ಚಾಲ್_ಲಿನಕ್ಸ್
ಅಪ್‌ಡೇಟ್ ಕೂಡ ಮರೆಯಬೇಡಿ. 2017ರ ಮೇ ತಿಂಗಳಲ್ಲಿ, ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವಾನ್ನಾಕ್ರೈ ಬಂದಾಗ ನಮ್ಮ ಕೇರಳದಲ್ಲಿ ವಯನಾಡಿನ ಪಂಚಾಯತ್ ಕಚೇರಿಯ ಕಂಪ್ಯೂಟರ್‌ಗಳೂ ಸಿಕ್ಕಿಬಿದ್ದಿದ್ದವು. ಆ ತೂತನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಕೊಟ್ಟಿತ್ತು. ಹಳ್ಳಿಯ ಕಚೇರಿ, ನಮ್ಮನ್ನು ಯಾರು ಹುಡುಕಿಕೊಂಡು ಬರುತ್ತಾರೆ ಅಂತ ಕೂರುವ ಹಾಗಿಲ್ಲ. ಅದು ಯಾರನ್ನೂ ಹುಡುಕಿಕೊಂಡು ಹೋಗಲಿಲ್ಲ, ತೆರೆದಿದ್ದ ಕಡೆಗೆಲ್ಲ ಹೊಕ್ಕಿತು.

ಹಾಳೆಟೋಪಿ
ಹತ್ತು ದಿನ ಕಳೆದು ಬರೆಯುತ್ತಿದ್ದೇನೆ. ಲಾಗ್‌ನಲ್ಲಿ ಚಂದ್ರಗಿರಿಯವರು ಹೇಳಿದ್ದೇ ಇತ್ತು. ಪ್ರತಿದಿನ 9.28, 9.31, 9.27ಕ್ಕೆ ಸ್ಕ್ಯಾನ್ ಶುರು. ಅದನ್ನು ಮಧ್ಯಾಹ್ನ 1.15ಕ್ಕೆ ಹಾಕಿದೆ. ಡಿಫೆಂಡರನ್ನು ತೆಗೆದುಹಾಕಿ, ದುಡ್ಡು ಕೊಟ್ಟು ಕೊಂಡ ಆಂಟಿವೈರಸನ್ನೇ ಇಟ್ಟುಕೊಂಡೆ. ಆ ಎರಡು ಮಾಡಿದ ಮರುದಿನವೇ ಬಿಲ್ ಮೂರು ನಾಲ್ಕು ಸೆಕೆಂಡಿನಲ್ಲಿ ಬಂತು. ಆಗ ಇನ್ನೂ ಒಂದು ಫೈಲನ್ನೂ ಬಿಟ್ಟಿರಲಿಲ್ಲ!

ಆಮೇಲೆ ಎಸ್‌ಕ್ಯೂಎಲ್‌ನ ಡೇಟಾ ಫೋಲ್ಡರ್‌ನಲ್ಲಿ ಎಂಡಿಎಫ್, ಎಲ್‌ಡಿಎಫ್ ಮಾತ್ರ ಬಿಟ್ಟೆ. ಟೆಂಪ್‌ಡಿಬಿ ಸಿಯಲ್ಲೇ ಇತ್ತು, ಅದನ್ನೂ ಅದೇ ಫೋಲ್ಡರ್‌ಗೆ ತಂದೆ. ಬ್ಯಾಕಪ್ ಫೋಲ್ಡರನ್ನು ಬಿಡಲಿಲ್ಲ. ಸಂಜೆ ಒಮ್ಮೆ ಬರೆಯುವುದು, ಎರಡು ನಿಮಿಷ ತಡವಾದರೆ ಆಗಲಿ. 'ಕಚೇರಿ' ಫೋಲ್ಡರ್ ಪೂರ್ತಿ ಕಾವಲಿನಲ್ಲಿದೆ. ಐಕಾರ್ ಫೈಲನ್ನು ಅಲ್ಲಿ ಇಟ್ಟೆ, ಕಣ್ಣು ಮಿಟುಕಿಸುವಷ್ಟರಲ್ಲಿ ಹೋಯಿತು. ಡಾಟ್ ಎಂಡಿಎಫ್ ಅಂತ ಹೆಸರಿಟ್ಟು ಡೇಟಾ ಫೋಲ್ಡರ್‌ನಲ್ಲಿ ಇಟ್ಟೆ, ಅಲ್ಲೇ ಕೂತಿತ್ತು. ಕೈಯಾರೆ ಅಳಿಸಿದೆ, ಅನುಮತಿ ಬಿಗಿ ಮಾಡಿದೆ. ಕೌಂಟರ್‌ನ ಲಾಗಿನ್‌ನಿಂದ ಅದೇ ಫೋಲ್ಡರ್‌ಗೆ ಹಾಕಲು ನೋಡಿದೆ, ವಿಂಡೋಸ್ ಬಿಡಲಿಲ್ಲ.

ಏನೇನು ಬಿಟ್ಟಿದ್ದೇನೆ, ಯಾಕೆ, ಯಾವ ತಾರೀಕಿನಂದು ಅಂತ ಒಂದು ಹಾಳೆಯಲ್ಲಿ ಬರೆದು ಸರ್ವರ್ ಕೋಣೆಯ ಕಪಾಟಿನೊಳಗೆ ಅಂಟಿಸಿದೆ. ಕನ್ನಡದಲ್ಲಿ ಬರೆದಿದ್ದೇನೆ.

ಚಂದ್ರಗಿರಿ_ದಡ
ತುಂಬಾ ಒಳ್ಳೆಯ ಕೆಲಸ. ಹಾಳೆಯ ಹಿಂಬದಿಗೆ ಮಲಯಾಳದಲ್ಲೂ ಬರೆಯಿರಿ. ನಾಳೆ ನಿಮ್ಮ ಜಾಗಕ್ಕೆ ಬರುವವರಿಗೆ ಕನ್ನಡ ಓದಲು ಬರದಿದ್ದರೆ ಅವರು ಮತ್ತೆ ಅದೇ ಎರಡು ಸಾಲಿನ ಮೇಲ್ ನಂಬಬೇಕಾಗುತ್ತದೆ.

ಹಾಳೆಟೋಪಿ
ಹೌದು, ಅದು ಹೊಳೆದಿರಲಿಲ್ಲ. ಕೌಂಟರ್‌ನ ಒಬ್ಬರಿಗೆ ಎರಡೂ ಚೆನ್ನಾಗಿ ಬರುತ್ತದೆ. ನಾಳೆ 1.15ಕ್ಕೆ ಸ್ಕ್ಯಾನ್ ನಡೆಯುವಾಗ ಅವರನ್ನು ಕೂರಿಸಿ ಬರೆಸುತ್ತೇನೆ.